ಕಾಸರಗೋಡು ದಾಟಿ ಬರುವ ಅನಿಲ, ಪಣಂಬೂರಿನ ಯೂರಿಯಾ: ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು, ಬಳಸುವುದು, ಹೂಳುವುದು ಅಂದರೇನು?

2021ರ ಜನವರಿ 5ರಂದು ಕೊಚ್ಚಿ-ಮಂಗಳೂರು ನೈಸರ್ಗಿಕ ಅನಿಲ ಪೈಪ್‌ಲೈನ್ ಉದ್ಘಾಟನೆಯಾಯಿತು. ಗೇಲ್ ಸಂಸ್ಥೆ ಹಾಕಿದ ಈ ಸುಮಾರು 450 ಕಿಲೋಮೀಟರ್ ಉದ್ದದ ಪೈಪ್ ಕಾಸರಗೋಡು ಜಿಲ್ಲೆಯ ತೋಟ, ಗದ್ದೆ, ರಸ್ತೆಗಳ ಅಡಿಯಲ್ಲಿ ಹಾದು ಮಂಗಳೂರು ಸೇರುತ್ತದೆ. ಕೊನೆಯ ಹಂತದಲ್ಲಿ ಕೆಲಸವನ್ನು ಹೆಚ್ಚು ಸತಾಯಿಸಿದ್ದು ಚಂದ್ರಗಿರಿ ಹೊಳೆ ದಾಟಿಸುವ ಜಾಗ. ಆ ಪೈಪಿನಲ್ಲಿ ಬರುವ ಅನಿಲದ ದೊಡ್ಡ ಗಿರಾಕಿಗಳಲ್ಲಿ ಒಂದು ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಆಂಡ್ ಫರ್ಟಿಲೈಸರ್ಸ್, ಅಂದರೆ ಎಲ್ಲರೂ ಎಂಸಿಎಫ್ ಅಂತ ಕರೆಯುವ ಗೊಬ್ಬರದ ಕಾರ್ಖಾನೆ. 1976ರಿಂದ ಗೊಬ್ಬರ ತಯಾರಿಸುತ್ತಿರುವ ಈ ಕಾರ್ಖಾನೆ ಅದುವರೆಗೆ ಯೂರಿಯಾಕ್ಕೆ ನಾಫ್ತಾ ಬಳಸುತ್ತಿತ್ತು.

ಅನಿಲದಿಂದ ಗೊಬ್ಬರ ಆಗುವುದು ಹೇಗೆ? ನೈಸರ್ಗಿಕ ಅನಿಲವೆಂದರೆ ಮುಖ್ಯವಾಗಿ ಮೀಥೇನ್. ಅದರಲ್ಲಿ ಇಂಗಾಲವೂ ಇದೆ, ಹೈಡ್ರೋಜನ್ನೂ ಇದೆ. ಕಾರ್ಖಾನೆ ಹೈಡ್ರೋಜನ್ನನ್ನು ಬೇರ್ಪಡಿಸಿ, ಗಾಳಿಯ ನೈಟ್ರೋಜನ್ ಜೊತೆ ಸೇರಿಸಿ ಅಮೋನಿಯಾ ಮಾಡುತ್ತದೆ. ಉಳಿದ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಅದನ್ನು ಹಾಗೆಯೇ ಚಿಮಣಿಗೆ ಬಿಡದೆ ಹಿಡಿದು, ತೊಳೆದು, ಒತ್ತಡ ಕೊಟ್ಟು ಮತ್ತೆ ಅಮೋನಿಯಾ ಜೊತೆ ಸೇರಿಸಿದರೆ ಯೂರಿಯಾ. ಒಂದು ಟನ್ ಯೂರಿಯಾದೊಳಗೆ ಸುಮಾರು 730 ಕಿಲೋ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುತ್ತದೆ. ಎಂಸಿಎಫ್‌ನ ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಲೆಕ್ಕ ಹಾಕಿದರೆ ಪೂರ್ಣ ಸಾಮರ್ಥ್ಯದಲ್ಲಿ ಓಡಿದ ವರ್ಷ ಸುಮಾರು 2.8 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬಿಳಿ ಹರಳಾಗಿ ಚೀಲ ಸೇರುತ್ತದೆ.

ಹಾಗಾಗಿ 'ಇಂಗಾಲದ ಡೈಆಕ್ಸೈಡನ್ನು ಹಿಡಿದು ಬಳಸುವ ತಂತ್ರಜ್ಞಾನ' ಅನ್ನುವುದು ಎಲ್ಲೋ ಅಮೆರಿಕ, ಯುರೋಪಿನ ಸುದ್ದಿಯಲ್ಲ. ಕಾಸರಗೋಡಿನ ಗೊಬ್ಬರದ ಅಂಗಡಿಯ ಯೂರಿಯಾ ಚೀಲದಲ್ಲೇ ಅದು ಇದೆ. ಆದರೆ ಈ ಚೀಲದಲ್ಲೇ ಇಡೀ ವಿಷಯದ ಅತಿ ದೊಡ್ಡ ಪ್ರಶ್ನೆಯೂ ಇದೆ. ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ನೈಟ್ರೋಜನ್ ಗಿಡಕ್ಕೆ ಸಿಗುತ್ತದೆ. ಹಿಡಿದಿಟ್ಟಿದ್ದ ಇಂಗಾಲದ ಡೈಆಕ್ಸೈಡ್ ವಾಪಸ್ ಗಾಳಿಗೆ ಹೋಗುತ್ತದೆ. ಬಳಸಿದ್ದು ನಿಜ, ಉಳಿಸಿದ್ದು ಇಲ್ಲ.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ?

ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ ಅದು 420 ದಾಟಿದೆ. ಕಲ್ಲಿದ್ದಲು, ಎಣ್ಣೆ, ಅನಿಲ ಸುಡುವುದರಿಂದ ಮತ್ತು ಕಾರ್ಖಾನೆಗಳಿಂದ ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಗಾಳಿಗೆ ಬಿಡುತ್ತದೆ. ಭಾರತದ ಪಾಲು ಸುಮಾರು 300 ಕೋಟಿ ಟನ್. ಈ ಅನಿಲ ಭೂಮಿಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಸಮುದ್ರ ಬಿಸಿಯಾಗುತ್ತದೆ, ನೀರು ಹಿಗ್ಗುತ್ತದೆ, ಮಟ್ಟ ಏರುತ್ತದೆ.

ಕರಾವಳಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಳದ ಮುಸೋಡಿಯಲ್ಲಿ, ತ್ರಿಕ್ಕನ್ನಾಡಿನಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ. ಕೊರೆತಕ್ಕೆ ಬಂದರು, ತಡೆಗೋಡೆ, ಮರಳು ಸಾಗಣೆಯಂಥ ಸ್ಥಳೀಯ ಕಾರಣಗಳೂ ಇವೆ. ಅದರ ಮೇಲೆ ಏರುತ್ತಿರುವ ಸಮುದ್ರವೂ ಸೇರಿಕೊಂಡರೆ ಮೊದಲು ಮನೆ ಕಳೆದುಕೊಳ್ಳುವವರು ಕಡಲ ಬದಿಯ ಮೀನುಗಾರ ಕುಟುಂಬಗಳೇ.

ಭಾರತ 2070ಕ್ಕೆ, ಕೇರಳ 2050ಕ್ಕೆ 'ನೆಟ್ ಝೀರೋ' ಗುರಿ ಇಟ್ಟುಕೊಂಡಿವೆ. ಅಂದರೆ ಎಷ್ಟು ಬಿಡುತ್ತೇವೋ ಅಷ್ಟನ್ನು ವಾಪಸ್ ತೆಗೆಯಬೇಕು. ವಿದ್ಯುತ್ತಿಗೆ ಸೌರಶಕ್ತಿ ಇದೆ. ಕಾಸರಗೋಡಿನ ಅಂಬಲತ್ತರ, ಪೈವಳಿಕೆಯಲ್ಲೇ ಸೋಲಾರ್ ಪಾರ್ಕ್‌ಗಳಿವೆ. ಆದರೆ ಸಿಮೆಂಟ್ ವಿಷಯ ಬೇರೆ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಆ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಲೆಗೆ ಸೋಲಾರ್ ಕೊಟ್ಟರೂ ಅದು ನಿಲ್ಲದು. ಉಕ್ಕು, ಗೊಬ್ಬರ, ರಿಫೈನರಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಇಂಥ ಕಡೆಗೆ ಹಿಡಿಯುವ ತಂತ್ರಜ್ಞಾನ ಬೇಕು ಅನ್ನುವುದು ವಾದ. 2022ರ ನವೆಂಬರ್‌ನಲ್ಲಿ ನೀತಿ ಆಯೋಗ ಇದಕ್ಕಾಗಿಯೇ ಒಂದು ವರದಿ ಹೊರತಂದಿತು.

ಬಾವಿಗೆ ಇಳಿಯುವವರಿಗೆ ಗೊತ್ತಿರುವ ಅನಿಲ

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹಾಗಾಗಿ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಹಾಳುಬಿದ್ದ ಬಾವಿಗೆ ಇಳಿದವರು ಉಸಿರುಕಟ್ಟಿ ಸಾಯುವುದು, ಅವರನ್ನು ಎತ್ತಲು ಇಳಿದವರೂ ಸಾಯುವುದು ಈ ಕಡೆ ಹೊಸ ಸುದ್ದಿಯಲ್ಲ. ಎಲೆ, ಕಸ ಕೊಳೆಯುವಾಗ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ.

ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗಗಳಿವೆ. ಅದನ್ನು ತೋಡುವವರು ಒಳಗೆ ಹೋಗುವಾಗ ಉರಿಯುವ ಮೊಂಬತ್ತಿ ಇಟ್ಟುಕೊಳ್ಳುತ್ತಿದ್ದರು. ಬತ್ತಿ ಆರಿದರೆ ಹೊರಗೆ ಓಡಬೇಕು ಅಂತ ಲೆಕ್ಕ. ಆದರೆ ಒಂದು ಎಚ್ಚರ: ಬತ್ತಿ ಆರಿದರೆ ಅಪಾಯ ಖಂಡಿತ, ಬತ್ತಿ ಉರಿಯುತ್ತಿದ್ದರೆ ಅಪಾಯ ಇಲ್ಲ ಅಂತ ಖಂಡಿತ ಅಲ್ಲ. ಆಮ್ಲಜನಕ ಸಾಕಷ್ಟಿದ್ದರೂ ಇಂಗಾಲದ ಡೈಆಕ್ಸೈಡ್ ಶೇ.10ರ ಹತ್ತಿರ ಬಂದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಬಾವಿಯಲ್ಲಿ ಯಾರಾದರೂ ಬಿದ್ದಿದ್ದರೆ ಹಿಂದೆಯೇ ಇಳಿಯದೆ ಅಗ್ನಿಶಾಮಕ ದಳವನ್ನು, ಅಂದರೆ 101ನ್ನು, ಕರೆಯುವುದೇ ಸರಿ. ಈ ಗುಣವನ್ನು ನೆನಪಿಟ್ಟುಕೊಳ್ಳಬೇಕು. ಪೈಪ್, ಹೂಳುವ ಜಾಗದ ಸುರಕ್ಷತೆಯ ಮಾತು ಬಂದಾಗ ಇದೇ ಗುಣ ಮತ್ತೆ ಎದುರಾಗುತ್ತದೆ.

ಹಿಡಿಯುವುದು ಹೇಗೆ?

ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ.12ರಿಂದ 15 ಮಾತ್ರ. ಉಳಿದದ್ದು ಹೆಚ್ಚಾಗಿ ನೈಟ್ರೋಜನ್. ಅಷ್ಟನ್ನೂ ಹೂಳಲು ಆಗದು. ಬೇಕಾದದ್ದನ್ನು ಬೇರ್ಪಡಿಸಬೇಕು.

ಇದಕ್ಕೆ ಹಳೆಯ, ಪಳಗಿದ ವಿಧಾನ ಅಮೀನ್ ದ್ರಾವಣ. ಎತ್ತರದ ಗೋಪುರದ ಮೇಲಿನಿಂದ ಅಮೀನ್ ಬೆರೆಸಿದ ನೀರನ್ನು ಚಿಮುಕಿಸುತ್ತಾರೆ, ಕೆಳಗಿನಿಂದ ಹೊಗೆ ಬಿಡುತ್ತಾರೆ. 40-60 ಡಿಗ್ರಿಯಲ್ಲಿ ಅಮೀನ್ ಇಂಗಾಲದ ಡೈಆಕ್ಸೈಡನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಆ ದ್ರಾವಣವನ್ನು ಇನ್ನೊಂದು ಗೋಪುರಕ್ಕೆ ಸಾಗಿಸಿ 110-120 ಡಿಗ್ರಿಗೆ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಬಹುತೇಕ ಶುದ್ಧ ಅನಿಲ ಸಿಗುತ್ತದೆ. ತಣ್ಣಗಾದ ಅಮೀನ್ ಮತ್ತೆ ಮೊದಲ ಗೋಪುರಕ್ಕೆ.

ಕೇಳಲು ಸುಲಭ. ಖರ್ಚು ಇರುವುದು ಆ ಕಾಯಿಸುವುದರಲ್ಲಿ. ಕಲ್ಲಿದ್ದಲು ಸ್ಥಾವರಕ್ಕೆ ಇದನ್ನು ಪೂರ್ತಿ ಅಳವಡಿಸಿದರೆ ಉತ್ಪಾದಿಸಿದ ಶಕ್ತಿಯಲ್ಲಿ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಹಿಡಿಯುವುದಕ್ಕೇ ಹೋಗುತ್ತದೆ. ಅಂದರೆ ಅಷ್ಟೇ ಕರೆಂಟಿಗೆ ಹೆಚ್ಚು ಕಲ್ಲಿದ್ದಲು.

ಭಾರತಕ್ಕೆ ಇದು ಹೊಸದಲ್ಲ. ಉತ್ತರ ಪ್ರದೇಶದ ಆಂವ್ಲಾ ಮತ್ತು ಫೂಲ್‌ಪುರದ ಇಫ್ಕೋ ಗೊಬ್ಬರ ಕಾರ್ಖಾನೆಗಳು 2006ರಲ್ಲೇ ತಮ್ಮ ಹೊಗೆಯಿಂದ ದಿನಕ್ಕೆ ತಲಾ 450 ಟನ್ ಹಿಡಿಯುವ ಘಟಕ ಹಾಕಿಕೊಂಡವು. ಅಮೋನಿಯಾ ಹೆಚ್ಚಿದ್ದು ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಸಾಲದೆ ಬಂದದ್ದೇ ಕಾರಣ. ತಮಿಳುನಾಡಿನ ತೂತುಕುಡಿಯಲ್ಲಿ ಟುಟಿಕೋರಿನ್ ಆಲ್ಕಲಿ ಕೆಮಿಕಲ್ಸ್ ಕಾರ್ಖಾನೆ 2016ರಲ್ಲಿ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಆಶ್ ತಯಾರಿಸುವ ಯೋಜನೆ ಆರಂಭಿಸಿತು. ಸರಕಾರದ ಸಬ್ಸಿಡಿ ಇಲ್ಲದೆ ನಡೆದ ಕಾರಣಕ್ಕೆ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಎರಡೂ ಕಡೆ ಗುಟ್ಟು ಒಂದೇ: ಹಿಡಿದದ್ದಕ್ಕೆ ಅಲ್ಲೇ, ಅದೇ ಕಾಂಪೌಂಡಿನಲ್ಲಿ ಗಿರಾಕಿ ಇತ್ತು.

ಬಳಸುವುದು: ಬೂದಿಯಿಂದ ಸೌದೆ ಮಾಡಬಹುದೇ?

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 23 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಳಕೆಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾಕ್ಕೆ. ಆಮೇಲಿನ ದೊಡ್ಡ ಪಾಲು ಹಳೆಯ ಎಣ್ಣೆ ಬಾವಿಗಳಿಗೆ ಒತ್ತಿ ಉಳಿದ ಎಣ್ಣೆ ತೆಗೆಯಲು. ಗೋಲಿ ಸೋಡಾ, ಕೂಲ್ ಡ್ರಿಂಕ್ಸ್, ಡ್ರೈ ಐಸ್, ವೆಲ್ಡಿಂಗ್, ಬೆಂಕಿ ಆರಿಸುವ ಸಿಲಿಂಡರ್, ಇವೆಲ್ಲ ಉಳಿದ ಪಾಲಿನೊಳಗೆ. ಸೋಡಾದ ಬುರುಗು ಬಾಟಲಿ ಬಿಚ್ಚಿದ ಕೂಡಲೇ ಗಾಳಿಗೆ. ಅದನ್ನು ಶೇಖರಣೆ ಅಂತ ಯಾರೂ ಹೇಳುವುದಿಲ್ಲ.

ಹೊಸ ಆಸೆ ಇರುವುದು ಇಂಧನದ ಮೇಲೆ. ಇಂಗಾಲದ ಡೈಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ, ತಕ್ಕ ವೇಗವರ್ಧಕ ಬಳಸಿದರೆ ಮೆಥನಾಲ್ ಆಗುತ್ತದೆ. ಅದು ಇಂಧನವೂ ಹೌದು, ಪ್ಲಾಸ್ಟಿಕ್, ಬಣ್ಣ, ಅಂಟು ತಯಾರಿಕೆಯ ಕಚ್ಚಾವಸ್ತುವೂ ಹೌದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ ತಂಡ ಈ ವೇಗವರ್ಧಕಗಳ ಮೇಲೆ ವರ್ಷಗಳಿಂದ ದುಡಿಯುತ್ತಿದೆ. ಅದರಿಂದಲೇ ಹುಟ್ಟಿದ ಬ್ರೀದ್ ಅಪ್ಲೈಡ್ ಸೈನ್ಸಸ್ ಕಂಪೆನಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಝ್ ಅಂತಾರಾಷ್ಟ್ರೀಯ ಸ್ಪರ್ಧೆಯ ಕೊನೆಯ ಹತ್ತು ತಂಡಗಳಲ್ಲಿ ಒಂದಾಗಿತ್ತು. 2022ರಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಈ ಕ್ಷೇತ್ರಕ್ಕೆ ಎರಡು ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳನ್ನು ಘೋಷಿಸಿದಾಗ ಒಂದು ಐಐಟಿ ಬಾಂಬೆಗೆ, ಇನ್ನೊಂದು ಇದೇ ಜಕ್ಕೂರಿನ ಸಂಸ್ಥೆಗೆ ಸಿಕ್ಕಿತು. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ ತನ್ನ ಸ್ಥಾವರದ ಹೊಗೆಯಿಂದ ದಿನಕ್ಕೆ 20 ಟನ್ ಹಿಡಿದು 10 ಟನ್ ಮೆಥನಾಲ್ ಮಾಡುವ ಘಟಕ ಕಟ್ಟಿದೆ.

ಇಲ್ಲೊಂದು ಲೆಕ್ಕ ಮರೆಯಬಾರದು. ಇಂಗಾಲದ ಡೈಆಕ್ಸೈಡ್ ಅಂದರೆ ಸುಟ್ಟು ಮುಗಿದ ಇಂಗಾಲ. ಒಲೆಯ ಬೂದಿಯಿದ್ದ ಹಾಗೆ, ಅದರಲ್ಲಿ ಉರಿಯುವ ಶಕ್ತಿ ಉಳಿದಿಲ್ಲ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಹೊರಗಿನಿಂದ ಶಕ್ತಿ ಸುರಿಯಬೇಕು. ಒಂದು ಟನ್ ಮೆಥನಾಲ್‌ಗೆ ಸುಮಾರು 190 ಕಿಲೋ ಹೈಡ್ರೋಜನ್ ಬೇಕು. ನೀರನ್ನು ಒಡೆದು ಅಷ್ಟು ಹೈಡ್ರೋಜನ್ ಪಡೆಯಲು ಸುಮಾರು 10,000 ಯೂನಿಟ್ ಕರೆಂಟ್ ಬೇಕಾಗುತ್ತದೆ. ಆ ಒಂದು ಟನ್ ಮೆಥನಾಲ್ ಸುಟ್ಟರೆ ಸಿಗುವ ಶಾಖ ಸುಮಾರು 5,500 ಯೂನಿಟ್ಟಿಗೆ ಸಮ. ಅರ್ಧದಷ್ಟು ದಾರಿಯಲ್ಲೇ ಹೋಯಿತು. ಆ ಕರೆಂಟ್ ಕಲ್ಲಿದ್ದಲಿನಿಂದ ಬಂದದ್ದಾದರೆ ಇಡೀ ಕೆಲಸ ನಷ್ಟದ ವ್ಯಾಪಾರ. ಸೂರ್ಯನಿಂದ, ಗಾಳಿಯಿಂದ ಬಂದ ಅಗ್ಗದ ಕರೆಂಟ್ ಇದ್ದರೆ ಮಾತ್ರ ಅರ್ಥವಿದೆ, ಅದೂ ಬ್ಯಾಟರಿಯಲ್ಲಿ ಓಡಿಸಲಾಗದ ದೊಡ್ಡ ಹಡಗಿನಂಥವಕ್ಕೆ.

ಗಾತ್ರವನ್ನೂ ನೋಡಬೇಕು. ಪಡುಬಿದ್ರಿ ಬಳಿಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಒಂದು ಯೂನಿಟ್ಟಿಗೆ ಸುಮಾರು 900 ಗ್ರಾಂ ಅಂತ ಹಿಡಿದರೆ, ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಇಂಥ ಸ್ಥಾವರ ನಿಮಿಷಕ್ಕೆ 18 ಟನ್ ಬಿಡುತ್ತದೆ. ವಿಂಧ್ಯಾಚಲದ ಘಟಕ ಇಡೀ ದಿನ ಹಿಡಿಯುವುದು ಇದರ ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ಹೊಗೆಯಷ್ಟು.

ಹಾಗಾದರೆ ಬಳಸಿಯೂ ಉಳಿಸುವ ದಾರಿ ಇದೆಯೇ? ಇದೆ, ಅದು ಕಲ್ಲು ಮಾಡುವುದು. ಹಳೆಯ ಮನೆಗಳ, ಮಸೀದಿಗಳ ಗೋಡೆಗೆ ಬಳಿದ ಚಿಪ್ಪಿನ ಸುಣ್ಣ ವರ್ಷ ಕಳೆದಂತೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದು ಮತ್ತೆ ಸುಣ್ಣದ ಕಲ್ಲಾಗುವುದರಿಂದ. ಚಿಪ್ಪು ಸುಡುವಾಗ ಅಷ್ಟೇ ಅನಿಲ ಹೊರಬಂದಿರುತ್ತದೆ ಅನ್ನುವುದು ಬೇರೆ ಮಾತು. ಇದೇ ತತ್ವದಲ್ಲಿ ಕೆನಡಾದ ಕಾರ್ಬನ್‌ಕ್ಯೂರ್ ಕಂಪೆನಿ ಹಸಿ ಕಾಂಕ್ರೀಟಿಗೆ ಇಂಗಾಲದ ಡೈಆಕ್ಸೈಡ್ ಊದುತ್ತದೆ. ಅದು ಕಾಂಕ್ರೀಟಿನೊಳಗೆ ಖನಿಜವಾಗಿ ಕೂರುತ್ತದೆ, ಗಟ್ಟಿತನವೂ ಹೆಚ್ಚುವುದರಿಂದ ಸಿಮೆಂಟ್ ಸ್ವಲ್ಪ ಕಡಿಮೆ ಸಾಕು. ಬೆಂಗಳೂರಿನ ತಂಡ ಭಾಗವಹಿಸಿದ್ದ ಅದೇ ಸ್ಪರ್ಧೆಯನ್ನು 2021ರಲ್ಲಿ ಗೆದ್ದ ಇಬ್ಬರೂ ಕಾಂಕ್ರೀಟಿನವರೇ: ಕಾರ್ಬನ್‌ಕ್ಯೂರ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡ.

ಹೂಳುವುದು: ಗಲ್ಫಿನಲ್ಲಿ ನಡೆಯುತ್ತಿರುವುದು

ಬಳಕೆಗೆ ಮಿತಿ ಇದೆ. ಉಳಿದದ್ದನ್ನು ಭೂಮಿಯೊಳಗೆ ಕಳಿಸಬೇಕು. 800 ಮೀಟರಿಗಿಂತ ಆಳಕ್ಕೆ ಹೋದರೆ ಒತ್ತಡ, ಬಿಸಿ ಎರಡೂ ಸೇರಿ ಈ ಅನಿಲ ದ್ರವದಷ್ಟು ದಟ್ಟವಾಗುತ್ತದೆ, ಕಡಿಮೆ ಜಾಗ ಸಾಕು. ಅಲ್ಲಿ ಸಣ್ಣ ರಂಧ್ರಗಳಿರುವ ಮರಳುಕಲ್ಲು ಬೇಕು, ಅದರ ಮೇಲೆ ಮುಚ್ಚಳದ ಹಾಗೆ ಅನಿಲ ಬಿಡದ ಬಿಗಿ ಕಲ್ಲಿನ ಪದರ ಬೇಕು. ನಾರ್ವೆ 1996ರಿಂದ ಸ್ಲೈಪ್ನರ್ ಎಂಬಲ್ಲಿ ಸಮುದ್ರದ ತಳದ ಕೆಳಗೆ ವರ್ಷಕ್ಕೆ 10 ಲಕ್ಷ ಟನ್‌ವರೆಗೆ ಹೂಳುತ್ತ ಬಂದಿದೆ. ಇಂಗಾಲಕ್ಕೆ ಅಲ್ಲಿನ ಸರಕಾರ ಹಾಕಿದ ತೆರಿಗೆಗಿಂತ ಹೂಳುವುದೇ ಅಗ್ಗ ಅನ್ನಿಸಿದ್ದು ಇದಕ್ಕೆ ಕಾರಣ.

ಗಲ್ಫಿನಲ್ಲಿರುವ ಕಾಸರಗೋಡು, ಮಂಗಳೂರಿನವರಿಗೆ ಇದು ಕಣ್ಣೆದುರಿನ ಕೆಲಸ. ಅಬುಧಾಬಿಯ ಎಮಿರೇಟ್ಸ್ ಸ್ಟೀಲ್ ಕಾರ್ಖಾನೆಯಿಂದ ವರ್ಷಕ್ಕೆ 8 ಲಕ್ಷ ಟನ್ ಹಿಡಿದು, 43 ಕಿಲೋಮೀಟರ್ ಪೈಪಿನಲ್ಲಿ ಎಣ್ಣೆ ಬಾವಿಗಳಿಗೆ ಕಳಿಸುವ ಅಲ್ ರಿಯಾದಾ ಯೋಜನೆ 2016ರಿಂದ ನಡೆಯುತ್ತಿದೆ. ಉಕ್ಕಿನ ಕಾರ್ಖಾನೆಯಿಂದ ವಾಣಿಜ್ಯ ಮಟ್ಟದಲ್ಲಿ ಹಿಡಿದದ್ದು ಜಗತ್ತಿನಲ್ಲೇ ಅದು ಮೊದಲು. ಸೌದಿಯ ಜುಬೈಲಿನಲ್ಲಿ ಸಾಬಿಕ್‌ನ ಘಟಕ 2015ರಿಂದ ವರ್ಷಕ್ಕೆ 5 ಲಕ್ಷ ಟನ್ ಸಾಮರ್ಥ್ಯದಲ್ಲಿ ಇಂಗಾಲದ ಡೈಆಕ್ಸೈಡ್ ಶುದ್ಧಮಾಡಿ ಯೂರಿಯಾ, ಮೆಥನಾಲ್ ತಯಾರಿಕೆಗೆ ಕೊಡುತ್ತದೆ. ಕತಾರ್‌ನ ರಾಸ್ ಲಫ್ಫಾನ್‌ನಲ್ಲೂ 2019ರಿಂದ ಹೂಳುವ ಕೆಲಸ ನಡೆದಿದೆ. ಒಮಾನಿನ ಪರ್ವತಗಳಲ್ಲಿ ಪೆರಿಡೊಟೈಟ್ ಎಂಬ ಕಲ್ಲಿದೆ, ಅದು ಇಂಗಾಲದ ಡೈಆಕ್ಸೈಡನ್ನು ತನ್ನೊಳಗೇ ಕಲ್ಲಾಗಿಸುತ್ತದೆ. ಇದನ್ನು ಬಳಸುವ ಒಮಾನಿನ '44.01' ಕಂಪೆನಿಗೆ 2022ರಲ್ಲಿ ಅರ್ತ್‌ಶಾಟ್ ಪ್ರಶಸ್ತಿ ಬಂತು. ಫುಜೈರಾದಲ್ಲೂ ಅದು ಪ್ರಯೋಗ ನಡೆಸಿದೆ.

ಗಲ್ಫಿನ ಲೆಕ್ಕದಲ್ಲೂ ಒಂದು ಪ್ರಶ್ನೆ ಇದೆ. ಹೂಳಿದ ಅನಿಲ ಇನ್ನಷ್ಟು ಎಣ್ಣೆಯನ್ನು ಮೇಲೆ ತರುತ್ತದೆ. ಆ ಎಣ್ಣೆ ಸುಟ್ಟಾಗ ಮತ್ತೆ ಹೊಗೆ. ಲಾಭ ಎಷ್ಟು ಅನ್ನುವುದು ಎರಡನ್ನೂ ಕೂಡಿಸಿ ಕಳೆದ ಮೇಲೆಯೇ ತಿಳಿಯುವುದು.

ದೊಡ್ಡ ಮಾತು, ಸಣ್ಣ ಕೆಲಸ ಆದ ಉದಾಹರಣೆಯೂ ಇದೆ. ಕೊಚ್ಚಿಯ ಎಲ್‌ಎನ್‌ಜಿ ಟರ್ಮಿನಲ್‌ಗಾಗಿ ಪೆಟ್ರೊನೆಟ್ ದೀರ್ಘಾವಧಿ ಒಪ್ಪಂದ ಮಾಡಿಕೊಂಡದ್ದು ಆಸ್ಟ್ರೇಲಿಯಾದ ಗಾರ್ಗನ್ ಅನಿಲ ಯೋಜನೆಯ ಜೊತೆ. ಅಲ್ಲಿ ನೆಲದಿಂದ ಬರುವ ಅನಿಲದಲ್ಲೇ ಇಂಗಾಲದ ಡೈಆಕ್ಸೈಡ್ ಬಹಳಷ್ಟು ಬೆರೆತಿದೆ. ಅದನ್ನು ಬೇರ್ಪಡಿಸಿ ವರ್ಷಕ್ಕೆ 40 ಲಕ್ಷ ಟನ್‌ವರೆಗೆ ಹೂಳುತ್ತೇವೆ ಅಂತ 2019ರಲ್ಲಿ ಶುರುಮಾಡಿದರು. ಇತ್ತೀಚಿನ ವರ್ಷಗಳಲ್ಲಿ ಆ ಗುರಿಯ ಅರ್ಧವನ್ನೂ ತಲುಪಿಲ್ಲ.

ಕಾಸರಗೋಡಿನ ನೆಲದಲ್ಲಿ ಹೂಳಬಹುದೇ?

ಈ ಕರಾವಳಿಯಲ್ಲಿ ಮೇಲೆ ಮುರಕಲ್ಲು, ಕೆಳಗೆ ಹಳೆಯ ಗಟ್ಟಿ ಶಿಲೆ. ಆಳದಲ್ಲಿ ಅನಿಲ ತುಂಬಿಸಲು ಬೇಕಾದ ರಂಧ್ರದ ಮರಳುಕಲ್ಲು, ಅದರ ಮೇಲಿನ ಮುಚ್ಚಳದ ಪದರ ಇಲ್ಲಿಲ್ಲ. ಪಾದೂರು ಮತ್ತು ಮಂಗಳೂರಿನಲ್ಲಿ ಬಂಡೆ ಕೊರೆದು ಕಚ್ಚಾ ತೈಲ ಸಂಗ್ರಹಿಸುವ ಗುಹೆಗಳಿವೆಯಲ್ಲ ಅಂತ ಕೆಲವರು ಕೇಳಬಹುದು. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುವ ಆ ಗುಹೆಗಳು ತುಂಬಿ ತೆಗೆಯುವ ಟ್ಯಾಂಕಿಗಳು. ಇಂಗಾಲದ ಡೈಆಕ್ಸೈಡನ್ನು ಸಾವಿರಾರು ವರ್ಷಕ್ಕೆ ಹೂಳುವುದು ಬೇರೆಯೇ ಕೆಲಸ.

ಕರ್ನಾಟಕದಲ್ಲಿ ಸಾಧ್ಯತೆ ಇರುವುದು ಉತ್ತರಕ್ಕೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲು ದಖ್ಖನ್ ಬಸಾಲ್ಟ್. ದೇಶದಲ್ಲಿ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದ ಇಂಗಾಲದ ಡೈಆಕ್ಸೈಡಿನ ಶೇ.95ರಷ್ಟು ಎರಡು ವರ್ಷದೊಳಗೆ ಖನಿಜವಾಯಿತು ಅಂತ 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಲ್ಲಾದದ್ದು ಸೋರುವುದಿಲ್ಲ. ಆದರೆ ಒಂದು ಟನ್ನಿಗೆ ಸುಮಾರು 25 ಟನ್ ನೀರು ಬೇಕಾಯಿತು. ಬರಗಾಲದ ವಿಜಯಪುರದಲ್ಲಿ ಆ ನೀರು ಎಲ್ಲಿಂದ ಅನ್ನುವುದು ಸುಲಭದ ಪ್ರಶ್ನೆಯಲ್ಲ. ನೀತಿ ಆಯೋಗದ ವರದಿ ಭಾರತದ ಒಟ್ಟು ಶೇಖರಣಾ ಸಾಮರ್ಥ್ಯವನ್ನು ಸುಮಾರು 400ರಿಂದ 600 ಶತಕೋಟಿ ಟನ್ ಅಂತ ಅಂದಾಜಿಸಿದೆ. ಅದು ಕಾಗದದ ಮೇಲಿನ ಅಂದಾಜು, ಬಾವಿ ಕೊರೆದು ನೋಡಿದ್ದಲ್ಲ.

ಜನರನ್ನು ಕೇಳುವವರು ಯಾರು?

2020ರ ಫೆಬ್ರವರಿ 22ರಂದು ಅಮೆರಿಕದ ಮಿಸಿಸಿಪ್ಪಿಯ ಸಟಾರ್ಷಿಯಾ ಎಂಬ ಹಳ್ಳಿಯ ಬಳಿ ಇಂಗಾಲದ ಡೈಆಕ್ಸೈಡ್ ಪೈಪ್ ಒಡೆಯಿತು. ಭಾರದ ಅನಿಲ ತಗ್ಗಿಗೆ ಹರಿದು ಬಂತು. ಆಮ್ಲಜನಕ ಸಿಗದೆ ಕಾರುಗಳ ಎಂಜಿನ್ ನಿಂತವು. 45 ಮಂದಿ ಆಸ್ಪತ್ರೆ ಸೇರಿದರು, ಸುಮಾರು 200 ಜನರನ್ನು ಸ್ಥಳಾಂತರಿಸಿದರು. ಯಾರೂ ಸಾಯಲಿಲ್ಲ. ಅದಕ್ಕೂ ಮೊದಲು 1986ರ ಆಗಸ್ಟ್‌ನಲ್ಲಿ ಆಫ್ರಿಕಾದ ಕ್ಯಾಮರೂನಿನಲ್ಲಿ ನ್ಯೋಸ್ ಸರೋವರದ ತಳದಲ್ಲಿದ್ದ ಇದೇ ಅನಿಲ ತಾನಾಗಿ ಉಕ್ಕಿ ಸುಮಾರು 1,700 ಜನ ನಿದ್ದೆಯಲ್ಲೇ ಸತ್ತರು. ಅದು ಯಾರೂ ಹೂಳಿದ್ದಲ್ಲ, ಪ್ರಕೃತಿಯದ್ದು. ಆದರೂ ಈ ಅನಿಲ ಒಟ್ಟಿಗೇ ಬಿಟ್ಟುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ.

ಪೈಪಿನ ದಾರಿ, ಕವಾಟಗಳು, ಸೋರಿಕೆ ಪತ್ತೆ ಉಪಕರಣ, ಊರಿನ ಆಸ್ಪತ್ರೆಗೆ ಮೊದಲೇ ಮಾಹಿತಿ, ಇವೆಲ್ಲ ಇದ್ದರೆ ಅಪಾಯ ತಗ್ಗುತ್ತದೆ. ಅದನ್ನು ಕೇಳಿ ಪಡೆಯುವ ಹಕ್ಕು ಜನರದ್ದು. 'ಸುರಕ್ಷಿತ' ಅನ್ನುವ ಒಂದು ಪದಕ್ಕೆ ಕಾಸರಗೋಡು ತೆತ್ತ ಬೆಲೆ ದೊಡ್ಡದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದ ತನಕ ನಡೆಯಿತು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಸಂತ್ರಸ್ತ ಕುಟುಂಬಗಳು ಪರಿಹಾರಕ್ಕಾಗಿ ಆಮೇಲೂ ಬೀದಿಗಿಳಿಯಬೇಕಾಯಿತು. ಹೊಸ ತಂತ್ರಜ್ಞಾನ ಬೇಡ ಅನ್ನುವುದು ಇದರ ಪಾಠವಲ್ಲ. ಯಾರು ಅಳೆಯುತ್ತಾರೆ, ಲೆಕ್ಕ ಯಾರಿಗೆ ತೋರಿಸುತ್ತಾರೆ, ಕೆಟ್ಟರೆ ಹೊಣೆ ಯಾರದು ಅನ್ನುವ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಸಿಗುವ ತನಕ ಸಹಿ ಹಾಕಬಾರದು ಅನ್ನುವುದು ಪಾಠ.

ತೆಂಗಿನ ತೋಟದಲ್ಲಿರುವ ಶೇಖರಣೆ

ಕಾಸರಗೋಡಿನಲ್ಲೇ ಈ ವಿಷಯದ ಮೇಲೆ ಕೆಲಸ ಮಾಡುವ ಸಂಸ್ಥೆಯಿದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕುಡ್ಲುವಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ. ಮೇಲ್ಭಾಗ ತೆರೆದ ಪಾರದರ್ಶಕ ಕೋಣೆಗಳಲ್ಲಿ ತೆಂಗಿನ ಸಸಿ ನೆಟ್ಟು, ಗಾಳಿಯ ಇಂಗಾಲದ ಡೈಆಕ್ಸೈಡನ್ನು 550 ಮತ್ತು 700 ಪಿಪಿಎಂಗೆ ಏರಿಸಿ ಅಲ್ಲಿನ ವಿಜ್ಞಾನಿಗಳು ಪ್ರಯೋಗ ಮಾಡಿದ್ದಾರೆ. ಈ ಅನಿಲ ಹೆಚ್ಚಾದಾಗ ಸಸಿ ಹೆಚ್ಚು ಬೆಳೆಯಿತು, ನೀರನ್ನೂ ಜಾಣತನದಿಂದ ಬಳಸಿತು. ಆದರೆ ಬಿಸಿಯೂ ಏರಿದಾಗ ಬೆಳವಣಿಗೆಗೆ ಪೆಟ್ಟು ಬಿತ್ತು. 'ಇಂಗಾಲದ ಡೈಆಕ್ಸೈಡ್ ಗಿಡಕ್ಕೆ ಊಟ ತಾನೇ, ಹೆಚ್ಚಾದರೆ ಒಳ್ಳೆಯದಲ್ವಾ' ಅನ್ನುವವರಿಗೆ ಇದೇ ಉತ್ತರ. ಊಟ ಹೌದು, ಜೊತೆಗೆ ಜ್ವರವೂ ಬರುತ್ತದೆ.

ಇದೇ ಸಂಸ್ಥೆ ತೆಂಗಿನ ಗರಿ, ಸಿಪ್ಪೆ, ಗೆರಟೆಯಿಂದ ಬಯೋಚಾರ್ ಮಾಡುವ ಸರಳ ವಿಧಾನಗಳ ಮೇಲೂ ಕೆಲಸ ಮಾಡಿದೆ. ಬಯೋಚಾರ್ ಅಂದರೆ ಗಾಳಿ ಹೆಚ್ಚು ಸಿಗದ ಹಾಗೆ ಸುಟ್ಟು ತೆಗೆದ ಮಸಿ. ತೋಟದಲ್ಲಿ ಸುಡುಮಣ್ಣು ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗರಿಯನ್ನು ಅಂಗಳದಲ್ಲಿ ಬಯಲಿಗಿಟ್ಟು ಸುಟ್ಟರೆ ಇಂಗಾಲವೆಲ್ಲ ಗಾಳಿಗೆ, ಉಳಿಯುವುದು ಬಿಳಿ ಬೂದಿ. ಗಾಳಿ ಕಡಿಮೆ ಮಾಡಿ ಸುಟ್ಟರೆ ಸುಮಾರು ಅರ್ಧದಷ್ಟು ಇಂಗಾಲ ಮಸಿಯಾಗಿ ಉಳಿಯುತ್ತದೆ. ಆ ಮಸಿಯ ಹೆಚ್ಚಿನ ಭಾಗ ಮಣ್ಣಿನಲ್ಲಿ ನೂರಾರು ವರ್ಷ ಕೊಳೆಯದೆ ಇರುತ್ತದೆ. ಇಲ್ಲಿನ ಕೆಂಪು ಮಣ್ಣಿನ ಹುಳಿ ತಗ್ಗಿಸುತ್ತದೆ, ನೀರು ಹಿಡಿಯುತ್ತದೆ. ಪೈಪ್ ಬೇಡ, ಅಮೀನ್ ಗೋಪುರ ಬೇಡ. ಗಿಡ ಗಾಳಿಯಿಂದ ಹಿಡಿದದ್ದನ್ನು ಮಣ್ಣಿನಲ್ಲಿ ಇಟ್ಟ ಹಾಗೆ. ಗೆರಟೆ ಇದ್ದಿಲಿನಿಂದ ಮಾಡುವ ಆಕ್ಟಿವೇಟೆಡ್ ಕಾರ್ಬನ್ ಇಂಗಾಲದ ಡೈಆಕ್ಸೈಡನ್ನು ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿಯಬಲ್ಲದು. ಅದರ ಮೇಲೆಯೂ ಜಗತ್ತಿನ ಹಲವೆಡೆ ಸಂಶೋಧನೆ ನಡೆಯುತ್ತಿದೆ.

ಬಸಾಲ್ಟ್ ಕಲ್ಲಿನ ಪುಡಿಯನ್ನು ಗದ್ದೆಗೆ ಹಾಕುವುದು ಇನ್ನೊಂದು ದಾರಿ. ಮಳೆ, ಬಿಸಿ ಎರಡೂ ಇರುವ ನಾಡಿನಲ್ಲಿ ಕಲ್ಲು ಬೇಗ ಕರಗಿ ಇಂಗಾಲದ ಡೈಆಕ್ಸೈಡನ್ನು ಕಟ್ಟಿಹಾಕುತ್ತದೆ. ಭಾರತದ ಸಣ್ಣ ರೈತರ ಭತ್ತದ ಗದ್ದೆಗಳಲ್ಲಿ ಇದನ್ನು ಮಾಡುವ ಮಾಟಿ ಕಾರ್ಬನ್ ಸಂಸ್ಥೆ 2025ರ ಏಪ್ರಿಲ್‌ನಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಝ್ ಗೆದ್ದಿತು.

ಯುವಕ ಯುವತಿಯರಿಗೆ ಇಲ್ಲೇನಿದೆ?

ಯುರೋಪ್ ಈಗ ಹೊರಗಿನಿಂದ ಬರುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರಕ್ಕೆ ಅದರ ತಯಾರಿಯಲ್ಲಿ ಬಿಟ್ಟ ಇಂಗಾಲದ ಲೆಕ್ಕ ಕೇಳುತ್ತಿದೆ. ಭಾರತವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿತು. ಹಾಗಾಗಿ ಕಾರ್ಖಾನೆಗಳಿಗೆ ಈ ಲೆಕ್ಕ ಬಲ್ಲವರು, ಹಿಡಿಯುವ ಘಟಕ ನಡೆಸಬಲ್ಲವರು ಬೇಕಾಗುತ್ತಾರೆ. ಗಲ್ಫಿನಲ್ಲಿ ಈಗಾಗಲೇ ಬೇಕಾಗಿದ್ದಾರೆ.

ಇದು ಒಂದೇ ಕೋರ್ಸಿನ ಕೆಲಸವಲ್ಲ. ಗೋಪುರ, ಪಂಪು, ಶಾಖದ ಲೆಕ್ಕಕ್ಕೆ ಕೆಮಿಕಲ್ ಎಂಜಿನಿಯರಿಂಗ್. ಅದು ಸುರತ್ಕಲ್ ಎನ್‌ಐಟಿಕೆಯಲ್ಲೇ ಇದೆ. ವೇಗವರ್ಧಕಕ್ಕೆ ರಸಾಯನಶಾಸ್ತ್ರ, ಹೂಳುವ ಜಾಗಕ್ಕೆ ಭೂವಿಜ್ಞಾನ, ಮಣ್ಣು ಗಾಳಿಯ ಅಳತೆಗೆ ಪರಿಸರ ವಿಜ್ಞಾನ. ಈ ಮೂರೂ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿವೆ. ಪೈಪು, ವೆಲ್ಡಿಂಗ್, ಇನ್‌ಸ್ಟ್ರುಮೆಂಟೇಶನ್ ಕಲಿತ ಐಟಿಐ, ಡಿಪ್ಲೊಮಾದವರಿಗೂ ಕೆಲಸವಿದೆ. ಸಂಶೋಧನೆಯ ಆಸೆ ಇದ್ದವರಿಗೆ ಜಕ್ಕೂರು ದೂರವಲ್ಲ.

ಒಂದು ಅಳತೆ ಮಾತ್ರ ಕಣ್ಣೆದುರು ಇರಬೇಕು. ಇಡೀ ಜಗತ್ತಿನಲ್ಲಿ ಈಗ ಹಿಡಿಯುವ ಘಟಕಗಳ ಸಾಮರ್ಥ್ಯ ವರ್ಷಕ್ಕೆ ಸುಮಾರು 5 ಕೋಟಿ ಟನ್. ಬಿಡುತ್ತಿರುವುದು 3,700 ಕೋಟಿ ಟನ್. ಬಿಡುವುದನ್ನು ತಗ್ಗಿಸದೆ ಹಿಡಿಯುವುದರಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತನ್ನು ಈ ಎರಡು ಸಂಖ್ಯೆಗಳ ಪಕ್ಕ ಇಟ್ಟು ನೋಡಬೇಕು. ಹಿಡಿಯುವ ತಂತ್ರಜ್ಞಾನ ಬೇಕಿರುವುದು ಬೇರೆ ದಾರಿಯೇ ಇಲ್ಲದ ಸಿಮೆಂಟ್, ಉಕ್ಕು, ಗೊಬ್ಬರದಂಥ ಕಡೆಗೆ. ಮುಂದೆ ಯಾವುದೇ ಕಂಪೆನಿ 'ಇಂಗಾಲ ಹಿಡಿದೆವು' ಅಂತ ಜಾಹೀರಾತು ಕೊಟ್ಟರೆ ಕೇಳಬೇಕಾದ್ದು ಮೂರೇ ಪ್ರಶ್ನೆ: ಎಷ್ಟು ಟನ್ ಹಿಡಿದಿರಿ, ಹಿಡಿಯಲು ಎಷ್ಟು ಶಕ್ತಿ ಖರ್ಚಾಯಿತು, ಹಿಡಿದದ್ದು ಎಷ್ಟು ವರ್ಷ ಅಲ್ಲೇ ಇರುತ್ತದೆ? ಯೂರಿಯಾ ಚೀಲದಲ್ಲಿ ಅದು ಕೆಲವು ದಿನ, ಮಣ್ಣಿಗೆ ಸೇರಿದ ಮಸಿಯಲ್ಲಿ ನೂರಾರು ವರ್ಷ, ಕಲ್ಲಾದ ಮೇಲೆ ಲಕ್ಷಾಂತರ ವರ್ಷ.